ಐದು ಕ್ಷೇತ್ರ, ಮೂರು ಹೊಳೆ, ಎರಡು ಕಾಲು

ಶಿವರಾತ್ರಿ ಹತ್ತಿರ ಬಂತೆಂದರೆ ನಮ್ಮ ಅಂಕೋಲಾ ಪೇಟೆಯಲ್ಲಿ ಕಾರು, ಟೆಂಪೋ ಗೊತ್ತುಮಾಡುವವರ ಗಡಿಬಿಡಿ. ಬೆಳಿಗ್ಗೆ ಕಾರವಾರದ ಶೆಜ್ಜೇಶ್ವರ, ಮಧ್ಯಾಹ್ನದೊಳಗೆ ಗೋಕರ್ಣ, ಆಮೇಲೆ ಧಾರೇಶ್ವರ, ಗುಣವಂತೆ, ಹೊತ್ತು ಮುಳುಗುವಾಗ ಮುರ್ಡೇಶ್ವರ. ಒಂದೇ ದಿನದಲ್ಲಿ ಐದೂ ಕ್ಷೇತ್ರ ಮುಗಿಸಿ ಜಾಗರಣೆಗೆ ಮನೆ. ಪುಣ್ಯಕ್ಕೆ ಕೊರತೆಯಿಲ್ಲ, ಆದರೆ ಊರುಗಳೆಲ್ಲ ಕಿಟಕಿಯಲ್ಲೇ ಓಡಿಹೋಗಿರುತ್ತವೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ರಾವಣ ಒಯ್ಯುತ್ತಿದ್ದ ಆತ್ಮಲಿಂಗ ಗೋಕರ್ಣದಲ್ಲಿ ನೆಲ ಮುಟ್ಟಿತು. ಕಿತ್ತರೆ ಬರಲಿಲ್ಲ. ಸಿಟ್ಟಿನಲ್ಲಿ ಅವನು ಎಸೆದ ಕರಡಿಗೆ ಶೆಜ್ಜೇಶ್ವರದಲ್ಲಿ ಬಿತ್ತು, ಮುಚ್ಚಳ ಗುಣವಂತೆಯಲ್ಲಿ, ಸುತ್ತಿದ ದಾರ ಧಾರೇಶ್ವರದಲ್ಲಿ, ಹೊದೆಸಿದ ವಸ್ತ್ರ ಮುರ್ಡೇಶ್ವರದಲ್ಲಿ. ರಾವಣ ಎಸೆದದ್ದನ್ನು ನಡೆದೇ ಹೆಕ್ಕಿಕೊಂಡು ಬರಲು ನಮಗೆ ಎಂಟು ದಿನ ಬೇಕು. ದಾರಿ ಅಂದಾಜು 125 ಕಿ.ಮೀ.

ಮೊದಲೇ ಹೇಳಿಬಿಡುತ್ತೇನೆ. ಪಂಢರಪುರದ ವಾರಿಯಂತೆ ಇಲ್ಲಿ ಮುಂದೆ ಪಾಲಕಿ ಇಲ್ಲ, ಹಿಂದೆ ದಿಂಡಿ ಇಲ್ಲ. ಧರ್ಮಸ್ಥಳದ ಪಾದಯಾತ್ರಿಗಳಿಗೆ ಸಿಗುವಂತೆ ದಾರಿಬದಿಯ ಚಪ್ಪರದಲ್ಲಿ ಯಾರೂ ಮಜ್ಜಿಗೆ ಹಿಡಿದು ನಿಂತಿರುವುದಿಲ್ಲ. ದಾರಿ ನಿಮಗಾಗಿ ತಯಾರಾಗಿಲ್ಲ, ನೀವೇ ದಾರಿಗೆ ತಯಾರಾಗಬೇಕು. ಅದಕ್ಕೇ ಇಷ್ಟುದ್ದದ ಬರಹ.

ಹಂತ 1: ತಿಂಗಳು ಗೊತ್ತುಮಾಡಿ

ಮಾರ್ಗಶಿರ, ಪುಷ್ಯ. ಅಂದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆ. ಬೆಳಗಿನ ಜಾವ ಮೈಮೇಲೆ ಇಬ್ಬನಿ ಬೀಳುತ್ತದೆ, ಎಂಟು ಗಂಟೆಯವರೆಗೂ ಬಿಸಿಲು ಕಚ್ಚುವುದಿಲ್ಲ.

ಹರಕೆ ಹೊತ್ತವರು ಶಿವರಾತ್ರಿಗೇ ಗೋಕರ್ಣ ಮುಟ್ಟಬೇಕು ಎನ್ನುತ್ತಾರೆ. ಅದು ಅವರವರ ಹರಕೆ. ಮೊದಲ ಸಲ ನಡೆಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ಅಷ್ಟರಲ್ಲಿ ಕರಾವಳಿಯ ಸೆಕೆ ಶುರುವಾಗಿರುತ್ತದೆ, ಹೆದ್ದಾರಿಯ ತುಂಬ ವಾಹನ, ಗೋಕರ್ಣದಲ್ಲಿ ಮಲಗಲು ಮೊಳ ಜಾಗ ಸಿಗದು. ಇಲ್ಲಿನ ಸೆಕೆ ಬಯಲುಸೀಮೆಯ ಬಿಸಿಲಿನಂತಲ್ಲ. ಗಾಳಿಯಲ್ಲೇ ನೀರಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಹುಬ್ಬಳ್ಳಿಯಲ್ಲಿ ಮೂವತ್ತು ಕಿ.ಮೀ. ನಡೆದವನು ಕೂಡ ಇಲ್ಲಿ ಹದಿನೈದಕ್ಕೇ ಕೂರುತ್ತಾನೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯನ್ನೇ ಬಿಡಿ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಆಸುಪಾಸು ಮಳೆ ಸುರಿಯುವ ನೆಲ ಇದು. 2024ರ ಜುಲೈ 16ರಂದು ನಮ್ಮ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದು, ರಸ್ತೆಬದಿಯ ಚಾದಂಗಡಿ, ನಿಂತಿದ್ದ ಲಾರಿ ಎಲ್ಲವನ್ನೂ ಗಂಗಾವಳಿಗೆ ತಳ್ಳಿತು. ಹಲವರ ಜೀವ ಹೋಯಿತು. ಮಳೆಗಾಲದಲ್ಲಿ ಗುಡ್ಡದ ಬುಡದಲ್ಲಿ ನಡೆಯುವುದು ಭಕ್ತಿಯೂ ಅಲ್ಲ, ಧೈರ್ಯವೂ ಅಲ್ಲ.

ಹಂತ 2: ಎಂಟು ವಾರ ಮೊದಲು ನಡಿಗೆ ಶುರು

ಮೊದಲ ಎರಡು ವಾರ ದಿನಕ್ಕೆ 3 ಕಿ.ಮೀ. ಮೂರನೆಯ ವಾರದಿಂದ 5. ಐದನೆಯ ವಾರದಿಂದ ಭಾನುವಾರ ಮಾತ್ರ ಉದ್ದದ ನಡಿಗೆ: 10, 14, 18. ಕೊನೆಯ ವಾರ ಮತ್ತೆ 3ಕ್ಕೆ ಇಳಿಸಿ, ಕಾಲಿಗೆ ಬಿಡುವು ಕೊಡಿ. ಆರನೆಯ ವಾರದಿಂದ ಬೆನ್ನಿಗೆ ಚೀಲವೂ ಇರಲಿ. ಖಾಲಿ ಬೆನ್ನಿನಲ್ಲಿ ಹದಿನೆಂಟು ನಡೆದವನಿಗೆ ಚೀಲ ಹೊತ್ತಾಗ ಹನ್ನೆರಡೇ ಭಾರ.

ಒಂದು ಉದ್ದದ ನಡಿಗೆಯಾದ ಮಾರನೆಯ ದಿನ ತಪ್ಪದೆ ಇನ್ನೊಂದು ನಡೆಯಿರಿ. ಒಂದು ದಿನ ಇಪ್ಪತ್ತು ಕಿ.ಮೀ. ಯಾರು ಬೇಕಾದರೂ ನಡೆದಾರು. ಎದ್ದು ನಿಂತಾಗ ಮೀನಖಂಡ ಹಿಡಿದುಕೊಂಡಿರುವ ಎರಡನೆಯ ಬೆಳಿಗ್ಗೆಯೇ ನಿಜವಾದ ಪರೀಕ್ಷೆ. ಆ ನೋವು ಹೇಗಿರುತ್ತದೆಂದು ಮನೆಯಲ್ಲೇ ಗೊತ್ತಾದರೆ ದಾರಿಯಲ್ಲಿ ಹೆದರಿಕೆ ಹುಟ್ಟುವುದಿಲ್ಲ.

ಐವತ್ತು ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಡಾಕ್ಟರರನ್ನು ಕಾಣದೆ ಹೊರಡಬೇಡಿ. ಸಕ್ಕರೆ ಇರುವವರಿಗೆ ಪಾದದ ಗಾಯ ಗೊತ್ತೇ ಆಗದಿರಬಹುದು. ದಿನಾ ಸಂಜೆ ಅಂಗಾಲನ್ನು ಇನ್ನೊಬ್ಬರಿಗೆ ತೋರಿಸಿಕೊಳ್ಳಲೇಬೇಕು, ಬರಿಗಾಲ ಹರಕೆ ಅವರಿಗೆ ಬೇಡವೇ ಬೇಡ.

ಹಂತ 3: ಪಾದ

ಇಲ್ಲಿ ಸ್ವಲ್ಪ ನಿಲ್ಲೋಣ.

ನಾನು ಮೊದಲ ಸಲ ಹೊರಟಾಗ ಹಿಂದಿನ ದಿನವಷ್ಟೇ ಹೊಸ ಶೂ ಕೊಂಡಿದ್ದೆ. ಅಂಗಡಿಯಲ್ಲಿ ಎರಡು ಹೆಜ್ಜೆ ಹಾಕಿದರೆ ಹೂವಿನಂತಿತ್ತು. ಅಮದಳ್ಳಿ ಹೊತ್ತಿಗೆ ಹಿಮ್ಮಡಿ ಉರಿಯತೊಡಗಿತು. ಇನ್ನೊಂದು ಊರು, ಇನ್ನೊಂದು ಊರು ಎನ್ನುತ್ತ ಹಾರವಾಡದವರೆಗೆ ಎಳೆದುಕೊಂಡು ಹೋದೆ. ಕಾಲುಚೀಲ ತೆಗೆದರೆ ರೂಪಾಯಿ ಅಗಲದ ಬೊಕ್ಕೆ, ಎರಡೂ ಕಾಲಿಗೆ. ಅಲ್ಲಿಂದ ಬಸ್ಸು ಹತ್ತಿ ಮನೆಗೆ ಬಂದೆ. ಬಾಗಿಲು ತೆರೆದ ಆಯಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. "ದೇವರು ಅಷ್ಟು ಬೇಗ ಸಿಕ್ಕಿಬಿಟ್ಟನೇನೋ ತಮಾ?"

ಆಮೇಲೆ ಕಲಿತದ್ದು ಇಷ್ಟು. ಬೊಕ್ಕೆ ಏಳುವುದು ಉಜ್ಜಾಟದಿಂದ, ಒದ್ದೆ ಮತ್ತು ಬಿಸಿ ಅದನ್ನು ಹೆಚ್ಚಿಸುತ್ತವೆ. ಒಂದನ್ನು ತಪ್ಪಿಸಿದರೂ ಅರ್ಧ ಗೆದ್ದ ಹಾಗೆ. ಶೂ ಕನಿಷ್ಠ 80–100 ಕಿ.ಮೀ. ನಡೆದು ಹಳತಾಗಿರಲಿ. ಸಂಜೆ ಹೊತ್ತಿಗೆ ಕಾಲು ಊದುವುದರಿಂದ ಕೊಳ್ಳುವುದೂ ಸಂಜೆಯೇ; ಹೆಬ್ಬೆರಳ ಮುಂದೆ ಒಂದು ಬೆರಳಗಲ ಜಾಗ ಬಿಡಿ. ಉಗುರನ್ನು ಹೊರಡುವ ನಾಲ್ಕು ದಿನ ಮೊದಲು ನೇರಕ್ಕೆ ಕತ್ತರಿಸಿ. ಬೆಳಿಗ್ಗೆ ಬೆರಳ ಸಂದಿಗೆ, ಹಿಮ್ಮಡಿಗೆ, ಹಾಗೆಯೇ ತೊಡೆಸಂದಿಗೆ ವ್ಯಾಸಲೀನ್ ಹಚ್ಚಿ. ತೊಡೆಸಂದಿನ ವಿಷಯವನ್ನು ನಾಚಿಕೆಯಿಂದ ಯಾರೂ ಹೇಳಿಕೊಡುವುದಿಲ್ಲ, ಹೊನ್ನಾವರ ಮುಟ್ಟುವ ಹೊತ್ತಿಗೆ ಎಲ್ಲರೂ ಕಾಲಗಲಿಸಿಕೊಂಡು ನಡೆಯುತ್ತಿರುತ್ತಾರೆ. ಎರಡು ಗಂಟೆಗೊಮ್ಮೆ ಕೂತು ಶೂ ಬಿಚ್ಚಿ ಒಣಗಿದ ಕಾಲುಚೀಲ ಹಾಕಿಕೊಳ್ಳಿ, ಒದ್ದೆಯದನ್ನು ಚೀಲದ ಬೆನ್ನಿಗೆ ಪಿನ್ನು ಚುಚ್ಚಿ ಒಣಗಿಸಿ.

ಬೊಕ್ಕೆ ಏಳುವ ಮುನ್ನ ಒಂದು ಕಡೆ ಚುರುಚುರು ಎನ್ನುತ್ತದೆ. ಎನ್ನಿಸಿದ ಕೂಡಲೇ ಅಲ್ಲೇ ಕೂತು ಪೇಪರ್ ಟೇಪು ಅಂಟಿಸಿ. ಮುಂದಿನ ಚಾದಂಗಡಿಯಲ್ಲಿ ನೋಡಿಕೊಳ್ಳೋಣ ಎಂದಿರೋ, ಹಾರವಾಡದ ಬಸ್ಸೇ ಗತಿ. ಎದ್ದುಬಿಟ್ಟರೆ ಸಣ್ಣದನ್ನು ಮುಟ್ಟಬೇಡಿ. ನಡೆಯಲಾಗದಷ್ಟು ದೊಡ್ಡದಾದರೆ ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಮಾತ್ರ ಕೀಳಬೇಡಿ, ಅದಕ್ಕಿಂತ ಒಳ್ಳೆಯ ಪಟ್ಟಿ ಯಾವ ಔಷಧದಂಗಡಿಯಲ್ಲೂ ಇಲ್ಲ.

ಬರಿಗಾಲಲ್ಲೇ ನಡೆಯುವ ಹರಕೆಯಿದ್ದರೆ ಮರಳ ಮೇಲೆ, ದೇವಸ್ಥಾನಗಳ ಆಸುಪಾಸಿನಲ್ಲಿ ಬರಿಗಾಲು, ಡಾಂಬರಿನ ಮೇಲೆ ಚಪ್ಪಲಿ ಎಂದು ರಾಜಿ ಮಾಡಿಕೊಳ್ಳಿ. ಹನ್ನೊಂದು ಗಂಟೆಯ ಡಾಂಬರು ಕಾದ ಬಾಣಲೆಯೇ ಸರಿ.

ಹಂತ 4: ಚೀಲ

ನಿಮ್ಮ ತೂಕದ ಹತ್ತರಲ್ಲಿ ಒಂದು ಪಾಲು, ಅದಕ್ಕಿಂತ ಹೆಚ್ಚಿಲ್ಲ. ಉಟ್ಟದ್ದಲ್ಲದೆ ಇನ್ನೊಂದು ಜೊತೆ ಬಟ್ಟೆ, ದರ್ಶನಕ್ಕೆ ಗಂಡಸರಿಗೆ ಪಂಚೆ–ಶಲ್ಯ, ಹೆಂಗಸರಿಗೆ ಹಗುರ ಸೀರೆ ಅಥವಾ ಚೂಡಿದಾರ, ಮೂರು ಜೊತೆ ಕಾಲುಚೀಲ, ಹೊದಿಕೆ, ತೆಳ್ಳನೆ ಚಾಪೆ, ಟೋಪಿ, ಟಾರ್ಚು, ಟೇಪು–ಸೂಜಿ–ಔಷಧ, ಎರಡು ಬಾಟ್ಲಿ ನೀರು, ಚಿಲ್ಲರೆ ಹಣ. ದಿನಾ ತಿನ್ನುವ ಮಾತ್ರೆಗಳನ್ನು ಎರಡು ಕಡೆ ಹಂಚಿಡಿ. ಚೀಲದ ಹಿಂದೆ ಬೆಳಕಿಗೆ ಹೊಳೆಯುವ ಪಟ್ಟಿ ಅಂಟಿಸಿ. ದರ್ಭೆ, ಕುಂಕುಮ, ತೆಂಗಿನಕಾಯಿ ಹೊತ್ತು ಹೋಗಬೇಡಿ, ದೇವರಿದ್ದಲ್ಲಿ ಅವುಗಳ ಅಂಗಡಿಯೂ ಇರುತ್ತದೆ.

ಹಂತ 5: ಹೊಟ್ಟೆ ಮತ್ತು ಉಪ್ಪು

1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದ ಊರು ಅಂಕೋಲಾ. ಉಪ್ಪಿನ ಬೆಲೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ನಡೆಯುವಾಗ ಮರೆಯುತ್ತೇವೆ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದು, ಬೆವರಿನಲ್ಲಿ ಹೋದ ಉಪ್ಪನ್ನು ತುಂಬದಿದ್ದರೆ ತಲೆ ತಿರುಗುತ್ತದೆ, ಮೀನಖಂಡ ಸೆಳೆಯುತ್ತದೆ. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಳತೆ ಹೆಚ್ಚುಕಡಿಮೆ ಮಾಡಬೇಡಿ.

ಅದಕ್ಕಿಂತ ರುಚಿಯಾದ ದಾರಿಯೂ ಇದೆ. ಬೆಳಿಗ್ಗೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ, ನೆಂಚಿಕೊಳ್ಳಲು ಅಪ್ಪೆಮಿಡಿ. ದಾರಿಗೆ ಅವಲಕ್ಕಿ–ಬೆಲ್ಲ, ನೆಲಗಡಲೆ. ಮಧ್ಯಾಹ್ನ ಮುರುಗಲು ಪಾನಕ, ಎಳನೀರು. ಖಾನಾವಳಿಯಲ್ಲಿ ಹೊಟ್ಟೆ ಬಿರಿಯ ಉಂಡರೆ ಆ ದಿನದ ನಡಿಗೆ ಅಲ್ಲಿಗೇ ಮುಗಿಯಿತು. ಬನ್ಸಿನ ಮೇಲೆ ಆಸೆಯಾಗುವುದು ಸಹಜ, ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಮೂತ್ರದ ಬಣ್ಣ ನೋಡುತ್ತಿರಿ. ಕಡುಹಳದಿ ಆದರೆ ನೀರು ಸಾಲದು. ಜೊತೆಯವರ ಮಾತು ತೊದಲಿದರೆ, ಗೊಂದಲವಾದರೆ, ಮೈ ಕೆಂಡವಾದರೆ ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಫೋನು ಮಾಡಿ. ಪೊಲೀಸ್ ಮತ್ತಿತರ ಯಾವುದೇ ತುರ್ತಿಗೆ 112, ಹೆದ್ದಾರಿಯ ಅವಘಡಕ್ಕೆ 1033.

ಹಂತ 6: ದಾರಿಯಲ್ಲಿ ನಡೆಯುವ ಕ್ರಮ

ನಾಲ್ಕೂವರೆಗೆ ಎದ್ದು ಐದಕ್ಕೆ ಹೊರಡಿ, ಹತ್ತೂವರೆಗೆ ನಿಲ್ಲಿಸಿ. ಉಳಿದದ್ದು ಸಂಜೆ ನಾಲ್ಕರ ಮೇಲೆ. ವಿರಾಮ ಸೇರಿಸಿ ಗಂಟೆಗೆ ನಾಲ್ಕು ಕಿ.ಮೀ. ಸಿಕ್ಕಿದರೆ ಚೆನ್ನಾಯಿತು.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಯಾವಾಗಲೂ ಬಲಬದಿಯಲ್ಲಿ, ಎದುರು ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು. ಸರ್ವಿಸ್ ರಸ್ತೆ, ಹಳೆಯ ಊರರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿಯಿರಿ. ಕಿವಿಗೆ ಹಾಡು ಸಿಕ್ಕಿಸಿಕೊಂಡು ನಡೆಯುವವರು ನನ್ನ ಜೊತೆ ಬರುವುದು ಬೇಡ. ಭಜನೆ ಬೇಕಿದ್ದರೆ ಬಾಯಲ್ಲೇ ಹೇಳಿ, ಲಾರಿಯ ಸದ್ದು ಕೇಳುತ್ತದೆ.

ಮಲಗುವ ಜಾಗದ ಬಗ್ಗೆ ಒಂದು ಮಾತು. ದೇವಸ್ಥಾನದ ಪೌಳಿ, ಸಭಾಭವನ, ಶಾಲೆಯ ಜಗಲಿ ಯಾವುದಾದರೂ ಆಗಲಿ, ಮೊದಲೇ ಫೋನಿನಲ್ಲಿ ಕೇಳಿ. ಕತ್ತಲಾದ ಮೇಲೆ ಆರು ಜನ ಬಂದು ನಿಂತರೆ ಯಾವ ಅರ್ಚಕರಿಗೂ ಸಂತೋಷವಾಗುವುದಿಲ್ಲ. ಬೆಳಿಗ್ಗೆ ಜಾಗ ಗುಡಿಸಿಟ್ಟು ಹೋದರೆ ಹಿಂದೆ ಬರುವ ಯಾತ್ರಿಗಳಿಗೂ ಬಾಗಿಲು ತೆರೆದಿರುತ್ತದೆ. ಒಂಟಿ ಹೆಂಗಸರು, ವಯಸ್ಸಾದವರು ಅಂಕೋಲಾ, ಗೋಕರ್ಣ, ಕುಮಟಾ, ಹೊನ್ನಾವರಗಳ ವಸತಿಗೃಹಗಳನ್ನೇ ನೆಚ್ಚಿಕೊಂಡು ದಿನ ಹೊಂದಿಸಿಕೊಳ್ಳುವುದು ಮೇಲು.

ಹಂತ 7: ಎಂಟು ದಿನ

ಮೊದಲ ದಿನ, ಶೆಜ್ಜೇಶ್ವರದಿಂದ ಅವರ್ಸಾ. ಇದೇ ಎಲ್ಲಕ್ಕಿಂತ ಉದ್ದ, ಉತ್ಸಾಹವೂ ಅಂದೇ ಹೆಚ್ಚು. ಕಾರವಾರ ಪೇಟೆ ದಾಟಿದ ಮೇಲೆ ಹೆದ್ದಾರಿಯ ಸುರಂಗದೊಳಗೆ ಕಾಲಿಡಬೇಡಿ, ಹಳೆಯ ಘಟ್ಟದ ರಸ್ತೆಯನ್ನು ಕೇಳಿಕೊಂಡು ಬಿಣಗಾಕ್ಕೆ ಇಳಿಯಿರಿ. ಅರ್ಗಾದ ನೌಕಾನೆಲೆಯ ಉದ್ದಕ್ಕೂ ಕಡಲು ನಮ್ಮದಲ್ಲ. ಫೋಟೋ ತೆಗೆಯಲೂ ಬೇಡಿ, ಸುಮ್ಮನೆ ನಡೆಯಿರಿ. ಅಮದಳ್ಳಿಯ ವೀರಗಣಪತಿಗೆ ಕೈಮುಗಿದು ನೆರಳಲ್ಲಿ ಕಾಲು ಚಾಚಿ. ಸಂಜೆಗೆ ಅವರ್ಸಾದ ಕಾತ್ಯಾಯನಿ ಬಾಣೇಶ್ವರ.

ಎರಡನೆಯ ದಿನ ಅವರ್ಸಾದಿಂದ ಅಂಕೋಲಾ, ಹತ್ತು ಕಿ.ಮೀ. ಒಳಗೇ. ಬೇಕೆಂದೇ ಇಷ್ಟು ಕಡಿಮೆ ಇಟ್ಟಿದ್ದೇನೆ. ನಮ್ಮೂರೆಂಬ ಅಭಿಮಾನ ಸ್ವಲ್ಪ ಇರಬಹುದು, ಆದರೆ ಮುಖ್ಯ ಕಾರಣ ಕಾಲು. ಒಂಬತ್ತು ಗಂಟೆಗೆ ಊರು ಸೇರಿ ಬೊಕ್ಕೆ ನೋಡಿಕೊಳ್ಳಿ, ಬಟ್ಟೆ ಒಗೆದು ಒಣಹಾಕಿ, ಚೀಲದಲ್ಲಿ ಬೇಡವಾದದ್ದನ್ನು ಪಾರ್ಸೆಲ್ ಮಾಡಿ ಮನೆಗೆ ಕಳಿಸಿ. ಪ್ರತಿಯೊಬ್ಬರ ಚೀಲದಲ್ಲೂ ಎರಡು ಕೆ.ಜಿ. ಬೇಡದ್ದು ಇದ್ದೇ ಇರುತ್ತದೆ. ಸಂಜೆ ಶಾಂತಾದುರ್ಗೆಯ ಗುಡಿಗೆ ಹೋಗಿಬನ್ನಿ. ವೈಶಾಖ ಹುಣ್ಣಿಮೆಯ ಬಂಡಿಹಬ್ಬ ಇದೇ ದೇವಿಯದು. ಆದರೆ ಅದು ಕರಿ ಇಷಾಡು ಮಾವಿನ ಕಾಲ, ನಡಿಗೆಯ ಕಾಲವಲ್ಲ.

ಮೂರನೆಯ ದಿನ ಗೋಕರ್ಣ. ಎರಡು ದಾರಿ ಇವೆ. ಹೆದ್ದಾರಿ ಹಿಡಿದರೆ ಶಿರೂರು, ಮಾದನಗೇರಿ ಮೇಲೆ ಸುತ್ತು. ನನಗೆ ಒಗ್ಗಿದ್ದು ಹೊನ್ನೆಬೈಲು, ಮಂಜಗುಣಿಯ ಒಳದಾರಿ. ಧಾರವಾಡದ ಕಡೆ ಹುಟ್ಟಿ ಬೇಡ್ತಿ ಎನಿಸಿಕೊಂಡು ಬಂದ ಹೊಳೆ ಇಲ್ಲಿ ಗಂಗಾವಳಿಯಾಗಿ ಕಡಲು ಸೇರುತ್ತದೆ. ಮೊದಲು ಬಾರ್ಜು, ದೋಣಿಗೆ ಕಾಯಬೇಕಿತ್ತು, ಈಗ ಸೇತುವೆ ಎದ್ದಿದೆ. ಯಾವ ಕಡೆಯಿಂದ ಹತ್ತಬೇಕೆಂದು ಹಿಂದಿನ ಸಂಜೆಯೇ ಊರವರನ್ನು ಕೇಳಿಟ್ಟುಕೊಳ್ಳಿ. ಆಚೆ ದಡದಲ್ಲಿ ಗಂಗಾಮಾತೆಯ ಗುಡಿ. ಗೋಕರ್ಣದ ಮಹಾಬಲೇಶ್ವರನಿಗೂ ಈಕೆಗೂ ವರ್ಷವರ್ಷವೂ ದೀಪಾವಳಿ ಹೊತ್ತಿಗೆ ಮದುವೆ. ಅಂದರೆ ನೀವು ಹೆಣ್ಣಿನ ಮನೆಯಿಂದ ಗಂಡಿನ ಮನೆಗೆ ನಡೆಯುತ್ತಿದ್ದೀರಿ, ಅಷ್ಟು ಬಿಗುಮಾನ ಇರಲಿ!

ಗಂಗಾವಳಿಯಿಂದ ಬಾವಿಕೊಡ್ಲದ ಮೇಲೆ ಗೋಕರ್ಣದವರೆಗೆ ಉದ್ದಕ್ಕೂ ಕಡಲದಂಡೆ. ಇಲ್ಲಿ ಭರತ–ಇಳಿತದ ಲೆಕ್ಕ ಬೇಕು. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇಳಿತದಲ್ಲಿ ನೀರು ಬಿಟ್ಟುಹೋದ ಮರಳು ಗಟ್ಟಿಯಾಗಿ ಡಾಂಬರಿಗಿಂತ ಮೃದುವಾದ ದಾರಿಯಾಗುತ್ತದೆ. ಭರತದಲ್ಲಾದರೋ ಹುಡಿಮರಳಿನಲ್ಲಿ ಕಾಲು ಹೂತು ಎರಡು ಕಿ.ಮೀ. ನಾಲ್ಕರಷ್ಟಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಭರತವೂ ಹೆಚ್ಚು, ಇಳಿತವೂ ಹೆಚ್ಚು. ಶಿವರಾತ್ರಿ ಅಮಾವಾಸ್ಯೆಯ ಮುನ್ನಾದಿನ ಬರುವುದರಿಂದ ಅಂದು ದಂಡೆಯಲ್ಲಿ ನಡೆಯುವವರು ಹೊತ್ತು ಕೇಳದೆ ಇಳಿಯಬಾರದು. ಮೊಬೈಲಿನಲ್ಲಿ ನೋಡುವುದಕ್ಕಿಂತ ಬಲೆ ಒಣಗಿಸುತ್ತಿರುವವರನ್ನು ಕೇಳಿ. ದಂಡೆ ಇಳಿಜಾರಾಗಿರುವುದರಿಂದ ಒಂದೇ ಸೊಂಟಕ್ಕೆ ಭಾರ ಬೀಳುತ್ತದೆ, ಒಂದು ಗಂಟೆಯ ಮೇಲೆ ರಸ್ತೆಗೆ ಹತ್ತಿ. ಶೂಗೆ ಹೊಕ್ಕ ಮರಳನ್ನು ಕೂಡಲೇ ಕೊಡವಿ.

ನಾಲ್ಕನೆಯ ದಿನ ಗೋಕರ್ಣದಲ್ಲೇ. ಸಮುದ್ರಸ್ನಾನ, ಕೋಟಿತೀರ್ಥ, ರಾವಣನನ್ನು ಮೋಸಗೊಳಿಸಿದ ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ಪಂಚೆ–ಶಲ್ಯ ಹೊತ್ತು ತಂದದ್ದು ಇದಕ್ಕೇ. ಸಮುದ್ರದಲ್ಲಿ ಮೊಳಕಾಲಿಗಿಂತ ಆಳ ಹೋಗಬೇಡಿ, ದಣಿದ ಕಾಲು ಅಲೆಯ ಸೆಳೆತಕ್ಕೆ ನಿಲ್ಲುವುದಿಲ್ಲ.

ಹೊಸಬರು ಬೇಕಾದರೆ ಇಲ್ಲಿಗೇ ನಿಲ್ಲಿಸಬಹುದು. ಅಂಕೋಲಾದಿಂದ ಗೋಕರ್ಣದವರೆಗಿನ ಈ ಒಂದು ದಿನದ ನಡಿಗೆಯನ್ನೇ ಮೊದಲ ವರ್ಷ ಮಾಡಿ, ಮುಂದಿನ ವರ್ಷ ಉಳಿದದ್ದು ಎಂದರೆ ನಾನು ಮೆಚ್ಚುತ್ತೇನೆ.

ಐದನೆಯ ದಿನ ತದಡಿಗೆ ಇಳಿದು ಅಘನಾಶಿನಿಯನ್ನು ದೋಣಿಯಲ್ಲಿ ದಾಟಿ, ಬಾಡದ ಮೇಲೆ ಕುಮಟಾ. ದೋಣಿಯ ಹೊತ್ತು ಮೊದಲೇ ಕೇಳಿರಿ. ತಪ್ಪಿತೆಂದರೆ ಮಿರ್ಜಾನಿನ ಮೇಲೆ ದೊಡ್ಡ ಸುತ್ತು. ತದಡಿಗೆ ಹೋಗುವ ಮೊದಲೇ ಸಾಣಿಕಟ್ಟೆಯ ಉಪ್ಪಿನ ಆಗರಗಳ ಕಡೆ ತಿರುಗಿ ಬರುವ ಆಸೆ ಇದ್ದರೆ ಗೋಕರ್ಣದ ಬಿಡುವಿನ ದಿನ ರಿಕ್ಷಾದಲ್ಲಿ ಹೋಗಿ, ನಡಿಗೆಗೆ ಸೇರಿಸಬೇಡಿ.

ಆರನೆಯ ದಿನ ಬೆಳಿಗ್ಗೆ ತಂಪಿನಲ್ಲೇ ಧಾರೇಶ್ವರ, ಆಮೇಲೆ ಹಳದೀಪುರ, ಕರ್ಕಿ, ಹೊನ್ನಾವರ. ಇಷ್ಟು ಹೊತ್ತಿಗೆ ಕಾಲು ತಾನೇ ನಡೆಯುತ್ತಿರುತ್ತದೆ, ಹೇಳುವುದೇನೂ ಇಲ್ಲ.

ಏಳನೆಯ ದಿನ ಶರಾವತಿ ಸೇತುವೆ. ಬೆಳಕು ಹರಿದ ಮೇಲೆಯೇ ದಾಟಿ, ಕತ್ತಲಲ್ಲಿ ಬೇಡ. ಗಾಳಿಗೆ ಟೋಪಿ ಹಾರಿದರೆ ಹಿಂದೆ ಓಡಬೇಡಿ. ಕಾಸರಕೋಡು ದಾಟಿ ಗುಣವಂತೆ. ಇದು ಕೆರೆಮನೆ ಮನೆತನದ ಯಕ್ಷಗಾನದ ಊರು. 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ನೆಲೆ ಇಲ್ಲೇ. ಅಂದು ಆಟ ಇದ್ದರೆ ನೋಡಬೇಕೋ ಮಲಗಬೇಕೋ ಎಂಬ ಧರ್ಮಸಂಕಟವನ್ನು ನೀವೇ ಬಗೆಹರಿಸಿಕೊಳ್ಳಿ. ನಾನು ಪ್ರತಿಸಲವೂ ಆಟಕ್ಕೆ ಕೂತು ಅಲ್ಲೇ ನಿದ್ದೆ ಹೋಗಿದ್ದೇನೆ.

ಎಂಟನೆಯ ದಿನ ಮಂಕಿಯ ಮೇಲೆ ಮುರ್ಡೇಶ್ವರ. ಕಂದುಕಗಿರಿಯ ಮೇಲಿನ 123 ಅಡಿಯ ಶಿವ ದೂರದಿಂದಲೇ ಕಾಣಿಸಿಕೊಳ್ಳುತ್ತಾನೆ, ಎಷ್ಟು ನಡೆದರೂ ಹತ್ತಿರ ಬರುವುದಿಲ್ಲ. ಆ ಕೊನೆಯ ಮೂರು ಕಿ.ಮೀ. ತಲೆ ತಗ್ಗಿಸಿ ನಡೆಯುವುದೇ ಉಪಾಯ.

ಹಂತ 8: ನಡುವೆ ಬಿಡುವುದೂ, ತಿರುಗಿ ಬರುವುದೂ

ಈ ದಾರಿಯ ದೊಡ್ಡ ಅನುಕೂಲ ಪಕ್ಕದಲ್ಲೇ ಓಡುವ ಕೊಂಕಣ ರೈಲು. ಕಾರವಾರ, ಹಾರವಾಡ, ಅಂಕೋಲಾ, ಗೋಕರ್ಣ ರೋಡ್, ಮಿರ್ಜಾನ, ಕುಮಟಾ, ಹೊನ್ನಾವರ, ಮಂಕಿ, ಮುರ್ಡೇಶ್ವರ. ಕಾಲು ಕೈಕೊಟ್ಟರೆ ಹತ್ತಿರದ ನಿಲ್ದಾಣಕ್ಕೆ ರಿಕ್ಷಾ ಮಾಡಿಕೊಂಡು ಹೋಗಿ. ಎಲ್ಲ ಗಾಡಿಯೂ ಎಲ್ಲ ಕಡೆ ನಿಲ್ಲುವುದಿಲ್ಲ, ವೇಳಾಪಟ್ಟಿಯ ಚೀಟಿ ಜೇಬಿನಲ್ಲಿರಲಿ. ಬಿಟ್ಟ ಕಡೆಯಿಂದಲೇ ಮುಂದಿನ ವರ್ಷ ಶುರುಮಾಡಲು ಯಾವ ದೇವರ ಅಡ್ಡಿಯೂ ಇಲ್ಲ.

ಮುರ್ಡೇಶ್ವರ ಮುಟ್ಟಿದ ಮಾರನೆಯ ದಿನ ಹಾಸಿಗೆಯಲ್ಲೇ ಬಿದ್ದಿರಬೇಡಿ. ಒಂದು ಕಿ.ಮೀ. ಮೆಲ್ಲಗೆ ನಡೆದರೆ ಹಿಡಿದ ಸ್ನಾಯು ಸಡಿಲವಾಗುತ್ತದೆ. ರೈಲಿನಲ್ಲಿ ಎಡಬದಿಯ ಕಿಟಕಿ ಹಿಡಿಯಿರಿ. ಮೂರೂ ಹೊಳೆಗಳು ಒಂದೊಂದಾಗಿ ಹಿಂದೆ ಸರಿಯುತ್ತವೆ: ಶರಾವತಿ, ಅಘನಾಶಿನಿ, ಗಂಗಾವಳಿ. ಎಂಟು ದಿನದ ದಾರಿ ಒಂದು ನಿದ್ದೆಯೊಳಗೆ ಮುಗಿಯುತ್ತದೆ. ಅಂಕೋಲಾ ನಿಲ್ದಾಣದಿಂದ ಪೇಟೆ ಸ್ವಲ್ಪ ದೂರ. ಅಷ್ಟು ನಡೆದವರಿಗೆ ಇಷ್ಟು ಯಾವ ಲೆಕ್ಕ ಎಂದು ಹಟ ಮಾಡಬೇಡಿ, ರಿಕ್ಷಾ ಹತ್ತಿ.